ತಾಯಿ, ಮಗು ಇಬ್ಬರಿಗಾಗಿ ಬಂದ ಡಾಕ್ಟರ್ ಸಿಸ್ಟರ್

ಹೆರಿಗೆ ಎಂದರೆ ಹೆಣ್ಣಿಗೆ ಮರುಜನ್ಮ ಎಂದು ನಮ್ಮ ಹಿರಿಯರು ಹೇಳುತ್ತಾರೆ. ರೋಣ ತಾಲ್ಲೂಕಿನ ಜಕ್ಕಲಿಯಂಥ ಹಳ್ಳಿಗಳಲ್ಲಿ ಚೊಚ್ಚಲ ಬಸುರಿಗೆ ಕುಬಸ ಮಾಡಿ, ಉಡಿ ತುಂಬಿ ತವರಿಗೆ ಕಳುಹಿಸುವ ರೂಢಿ. ಹಿಂದೆ ಅಲ್ಲಿ ಸೂಲಗಿತ್ತಿಯೇ ಆಧಾರ. ಹೆರಿಗೆ ಸುಸೂತ್ರವಾದರೆ ಸಂತೋಷ. ತೊಡಕಾದರೆ ದೇವರೇ ಗತಿ. ಮನೆಯ ಹೆಣ್ಣುಮಗಳನ್ನು ಗಂಡಸು ಡಾಕ್ಟರಿಗೆ ತೋರಿಸುವುದು ಹೇಗೆ ಎಂಬ ಸಂಕೋಚದಲ್ಲಿಯೇ ನಮ್ಮ ದೇಶದ ಎಷ್ಟೋ ಮನೆಗಳ ದೀಪ ಆರಿಹೋಯಿತು. ಈ ನೋವಿನ ಕಥೆ ಓದಿ ಸಮುದ್ರ ದಾಟಿ ಬಂದು, ಕಡೆಗೆ ನಮ್ಮ ಬೆಂಗಳೂರಿನಲ್ಲಿ ಕಣ್ಣುಮುಚ್ಚಿದ ಧರ್ಮಭಗಿನಿಯೊಬ್ಬರನ್ನು ಈ ವಾರ ನೆನೆಯೋಣ. ಅವರೇ ಡಾ. ಸಿಸ್ಟರ್ ಮೇರಿ ಗ್ಲೌರಿ.

ಮೇರಿ ಹುಟ್ಟಿದ್ದು 1887ರ ಜೂನ್ 23ರಂದು, ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಬಿರ್ರೆಗುರ್ರ ಎಂಬ ಊರಿನಲ್ಲಿ. ಒಂಬತ್ತು ಮಕ್ಕಳ ತುಂಬು ಕುಟುಂಬ. ಪ್ರತಿ ರಾತ್ರಿ ಜಪಮಾಲೆ ಮುಗಿದ ಮೇಲೆ ಒಳ್ಳೆಯ ಗುರುಗಳಿಗಾಗಿಯೂ ಒಳ್ಳೆಯ ವೈದ್ಯರಿಗಾಗಿಯೂ ಪ್ರಾರ್ಥಿಸುವ ಮನೆ ಅದು. ಓದಿನಲ್ಲಿ ಚುರುಕಾಗಿದ್ದ ಮೇರಿ ವಿದ್ಯಾರ್ಥಿವೇತನ ಪಡೆದು ಮೆಲ್ಬರ್ನ್ ವಿಶ್ವವಿದ್ಯಾಲಯ ಸೇರಿದರು. ಹೆಣ್ಣು ಡಾಕ್ಟರುಗಳು ಅಪರೂಪವಾಗಿದ್ದ ಆ ಕಾಲದಲ್ಲಿ, 1910ರಲ್ಲಿ, ವೈದ್ಯ ಪದವಿ ಪಡೆದರು. ಮೆಲ್ಬರ್ನ್ ನಗರದಲ್ಲಿ ಅವರ ವೃತ್ತಿ ಚೆನ್ನಾಗಿ ನಡೆದಿತ್ತು.

1915ರ ಅಕ್ಟೋಬರ್ 24, ಭಾನುವಾರ. ಆ ದಿನ ಅವರ ಕೈಗೆ ಒಂದು ಚಿಕ್ಕ ಪುಸ್ತಿಕೆ ಸಿಕ್ಕಿತು. ಅದು ಡಾ. ಆಗ್ನೆಸ್ ಮೆಕ್ಲಾರನ್ ಎಂಬ ಸ್ಕಾಟ್ಲೆಂಡಿನ ವೈದ್ಯೆಯ ಕುರಿತಾದದ್ದು. ಅರವತ್ತರ ವಯಸ್ಸಿನಲ್ಲಿ ಕಥೋಲಿಕ ವಿಶ್ವಾಸ ಸ್ವೀಕರಿಸಿದ ಆಗ್ನೆಸ್, ಭಾರತದ ಹೆಂಗಸರಿಗೆ ಹೆಣ್ಣು ಡಾಕ್ಟರುಗಳೇ ಬೇಕೆಂದು ದುಡಿದು 1913ರಲ್ಲಿ ತೀರಿಕೊಂಡಿದ್ದರು. ಇಲ್ಲಿ ಹಸುಗೂಸುಗಳು ಎಷ್ಟೊಂದು ಸಾಯುತ್ತಿವೆ, ತಾಯಂದಿರು ಹೇಗೆ ನೆರವಿಲ್ಲದೆ ನರಳುತ್ತಾರೆ ಎಂದು ಓದಿದ ಮೇರಿ ಅಲ್ಲಿಯೇ ಮೊಣಕಾಲೂರಿದರು. ತಮ್ಮ ಕರೆ ಯಾವುದೆಂದು ಅವರಿಗೆ ಆಗ ಸ್ಪಷ್ಟವಾಯಿತು.

ಆದರೂ ಅವರು ಆತುರಪಡಲಿಲ್ಲ. ಬರಿಯ ಕನಿಕರದಿಂದ ತಾಯಿ ಬದುಕುವುದಿಲ್ಲ, ಕೈಯಲ್ಲಿ ವಿದ್ಯೆಯೂ ಬೇಕು. ಹೆರಿಗೆ, ಸ್ತ್ರೀರೋಗ ಮತ್ತು ಕಣ್ಣಿನ ಚಿಕಿತ್ಸೆಯಲ್ಲಿ ಹೆಚ್ಚಿನ ಅಧ್ಯಯನ ಮಾಡಿ 1919ರಲ್ಲಿ ಎಂ.ಡಿ. ಪದವಿ ಪಡೆದರು. 1920ರ ಫೆಬ್ರವರಿಯಲ್ಲಿ ಗುಂಟೂರಿಗೆ ಬಂದು ಯೇಸು-ಮರಿಯ-ಜೋಸೆಫರ ಸಭೆಯನ್ನು ಸೇರಿದರು. ಪವಿತ್ರ ಹೃದಯದ ಸಿಸ್ಟರ್ ಮೇರಿ ಎಂಬುದು ಅವರ ಹೊಸ ಹೆಸರಾಯಿತು.

ಇಲ್ಲಿ ಇನ್ನೊಂದು ತೊಡಕಿತ್ತು. ಧರ್ಮಭಗಿನಿಯರು ವೈದ್ಯವೃತ್ತಿ ಮಾಡುವುದಕ್ಕೆ, ಅದರಲ್ಲೂ ಹೆರಿಗೆ ಮಾಡಿಸುವುದಕ್ಕೆ, ಅಂದಿನ ಧರ್ಮಸಭೆಯ ನಿಯಮಗಳಲ್ಲಿ ಎಡೆಯಿರಲಿಲ್ಲ. ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಮೇರಿಯವರಿಗೆ ವಿಶೇಷ ಅನುಮತಿ ನೀಡಿದರು. ಮಿಶನ್ ಪ್ರದೇಶಗಳ ಧರ್ಮಭಗಿನಿಯರೆಲ್ಲರಿಗೆ ಆ ಬಾಗಿಲು ತೆರೆದದ್ದು 1936ರಲ್ಲಿ. ತಾಯಂದಿರ ಪ್ರಾಣದ ಪ್ರಶ್ನೆ ಬಂದಾಗ ಧರ್ಮಸಭೆಯೇ ತನ್ನ ಹಳೆಯ ರೂಢಿಯನ್ನು ಬದಲಿಸಿತು ಎಂಬುದನ್ನು ನಾವು ಮರೆಯಬಾರದು.

ಗುಂಟೂರಿನ ಚಿಕ್ಕ ದವಾಖಾನೆ ಅವರ ಕೈಯಲ್ಲಿ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಲಕ್ಷಾಂತರ ಬಡವರು ಅಲ್ಲಿ ಚಿಕಿತ್ಸೆ ಪಡೆದರು. ಒಬ್ಬ ಡಾಕ್ಟರು ಎಲ್ಲ ಹಳ್ಳಿಗಳಿಗೂ ಹೋಗಲಾಗದು. ಆದ್ದರಿಂದ ಅವರು ಅಲ್ಲಿಯ ಹೆಣ್ಣುಮಕ್ಕಳಿಗೇ ದಾದಿಯರ, ಸೂಲಗಿತ್ತಿಯರ, ಕಂಪೌಂಡರುಗಳ ತರಬೇತಿ ಕೊಟ್ಟರು. 1943ರಲ್ಲಿ ಇತರ ಧರ್ಮಭಗಿನಿಯರ ಜೊತೆಗೂಡಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಗರ್ಭದ ಕೂಸಿನಿಂದ ಹಿಡಿದು ಮುಪ್ಪಿನವರೆಗೆ ಪ್ರತಿ ಜೀವವನ್ನೂ ಗೌರವಿಸುವ ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬುದು ಅವರ ಕನಸು. ಕ್ಯಾನ್ಸರ್ ನೋವನ್ನು ತಾಳ್ಮೆಯಿಂದ ಸಹಿಸಿ 1957ರ ಮೇ 5ರಂದು ಬೆಂಗಳೂರಿನಲ್ಲಿ ಅವರು ಪ್ರಭುವಿನ ಬಳಿಗೆ ಹೋದರು. ಆರು ವರ್ಷಗಳ ನಂತರ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. 2013ರಲ್ಲಿ ಧರ್ಮಸಭೆ ಅವರನ್ನು ದೇವರ ಸೇವಕಿ ಎಂದು ಘೋಷಿಸಿತು.

ಪ್ರಿಯ ಓದುಗರೇ, ಇಂದು ಹೆಣ್ಣು ಡಾಕ್ಟರುಗಳಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ, 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆದರೂ ಹಳೆಯ ಸಂಕೋಚ, ಬೆಳಗಾಗಲಿ ನೋಡೋಣ ಎಂಬ ತಡ, ಇನ್ನೂ ನಮ್ಮನ್ನು ಬಿಟ್ಟಿಲ್ಲ. ಬಸುರಿಗೆ ರಕ್ತಹೀನತೆ ಅಥವಾ ಬಿ.ಪಿ. ಇದ್ದರೆ, ಅವಳಿ ಮಕ್ಕಳಿದ್ದರೆ, ಮಗು ಅಡ್ಡ ಇದ್ದರೆ, ಹಿಂದೆ ಸಿಜೇರಿಯನ್ ಆಗಿದ್ದರೆ, ಆಪರೇಶನ್ ಮತ್ತು ರಕ್ತದ ಸೌಲಭ್ಯವಿರುವ ಆಸ್ಪತ್ರೆಯನ್ನೇ ಮೊದಲೇ ಗೊತ್ತುಮಾಡಿಕೊಳ್ಳಬೇಕು. ರಕ್ತಸ್ರಾವ, ಫಿಟ್ಸ್, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಜ್ವರ, ನೋವು ಬರುವ ಮುಂಚೆಯೇ ನೀರು ಹೋಗುವುದು, ಮಗುವಿನ ಮಿಡುಕಾಟ ಕಡಿಮೆಯಾಗುವುದು ಕಂಡರೆ ಒಂದು ಗಳಿಗೆಯೂ ಕಾಯಬಾರದು. ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವವೂ ಅಷ್ಟೇ ಅಪಾಯಕಾರಿ.

ಯಾವ ಆಸ್ಪತ್ರೆ, ಯಾವ ಗಾಡಿ, ರಕ್ತ ಕೊಡುವವರು ಯಾರು, ಗಂಡ ಊರಲ್ಲಿಲ್ಲದಾಗ ತೀರ್ಮಾನ ಯಾರದು? ಇದನ್ನೆಲ್ಲ ಕುಬಸದ ದಿನವೇ ಎರಡೂ ಮನೆಯವರು ಕುಳಿತು ಮಾತಾಡಲಿ. ಬಸುರಿಯ ಮಾತನ್ನು ಮೊದಲು ಕೇಳಲಿ. ಸಿಜೇರಿಯನ್ ಆದರೆ ಅದು ಸೋಲಲ್ಲ. ಬೇಕೋ ಬೇಡವೋ ಎಂದು ಡಾಕ್ಟರನ್ನು ಕೇಳಿ ತಿಳಿದುಕೊಳ್ಳುವುದು ಅವಿಶ್ವಾಸವೂ ಅಲ್ಲ. ಪ್ರಾರ್ಥನೆಗೂ ಆಸ್ಪತ್ರೆಗೂ ಜಗಳವಿಲ್ಲ. ಮೇರಿ ಗ್ಲೌರಿಯವರು ಜಪಮಾಲೆಯನ್ನೂ ವೈದ್ಯವಿದ್ಯೆಯನ್ನೂ ಒಟ್ಟಿಗೇ ಹಿಡಿದವರು.

ಮುಪ್ಪಿನಲ್ಲಿ ಬಸುರಾದ ಎಲಿಜಬೇತಮ್ಮನ ಸುದ್ದಿ ತಿಳಿದ ಕೂಡಲೇ ಮಾತೆ ಮರಿಯ ಬೆಟ್ಟದ ದಾರಿ ಹಿಡಿದು ಅವಸರವಾಗಿ ಹೋದರು, ಸುಮಾರು ಮೂರು ತಿಂಗಳು ಜೊತೆಗಿದ್ದರು. ನಮ್ಮ ಓಣಿಯ ಬಸುರಿಯ ಬಾಗಿಲಿಗೆ ನಾವೂ ಹಾಗೆಯೇ ಬೇಗ ಹೋಗುವ ಮನಸ್ಸನ್ನು ಪ್ರಭು ಯೇಸು ನಮಗೆ ದಯಪಾಲಿಸಲಿ.