ರೋಗಾಣು ಸಿಕ್ಕಿತು, ಮದ್ದು ಸಿಗಲಿಲ್ಲ: ರಾಬರ್ಟ್ ಕಾಕ್ ಕಥೆ

ಹಾಸ್ಟೆಲ್‌ನಲ್ಲಿ ಯಾರಿಗಾದರೂ ಜ್ವರ ಬಂದರೆ ನಾವು ಮೊದಲು ಮಾಡೋದೇನು ಹೇಳಿ? ಪಕ್ಕದ ರೂಮಿನಲ್ಲಿ ಯಾರ ಹತ್ತಿರ ಪ್ಯಾರಾಸಿಟಮಾಲ್ ಇದೆ ಅಂತ ವಿಚಾರಿಸೋದು. ಮೂರು ದಿನ ಕಳೆದರೂ ಜ್ವರ ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗುತ್ತೇವೆ. ಅವರು ಔಷಧಿ ಬರೆಯುವ ಮೊದಲು ರಕ್ತ ಪರೀಕ್ಷೆ ಬರೆಯುತ್ತಾರೆ. ಡೆಂಗಿಯೋ, ಟೈಫಾಯ್ಡೋ, ಮಲೇರಿಯಾನೋ ಗೊತ್ತಾಗಬೇಕಂತೆ. ನಾಳೆ ಇಂಟರ್ನಲ್ಸ್ ಇಟ್ಟುಕೊಂಡಿರುವ ನಮಗೆ ಸಿಟ್ಟು ಬರುತ್ತದೆ. ಒಂದು ಒಳ್ಳೆ ಮಾತ್ರೆ ಕೊಟ್ಟು ಕಳಿಸಬಾರದಾ ಅಂತ ಗೊಣಗುತ್ತೇವೆ.

ಆದರೆ ಈ ಕ್ರಮ, ಅಂದರೆ ಮೊದಲು ಯಾವ ರೋಗಾಣು ಅಂತ ಪತ್ತೆ ಹಚ್ಚು, ಆಮೇಲೆ ಮದ್ದು ಕೊಡು ಅನ್ನುವ ಕ್ರಮ, ತಾನಾಗೇ ಬಂದದ್ದಲ್ಲ. ಸುಮಾರು ನೂರೈವತ್ತು ವರ್ಷದ ಹಿಂದೆ ದೊಡ್ಡ ದೊಡ್ಡ ವೈದ್ಯರೂ ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂತ ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಪ್ರಮುಖರು. ಇವರ ಹೆಸರು ಪಿಯುಸಿ ಪುಸ್ತಕದಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಬಂದಿತ್ತು, ನಾವು ಬರೆದು ಮರೆತಿದ್ದೆವು. ಆದರೆ ಇವರ ಬದುಕಿನಲ್ಲಿ ಇಂಜಿನಿಯರಿಂಗ್ ಓದುವ ನಮಗೆ ಎರಡು ಪಾಠಗಳಿವೆ. ಒಂದು ಅವರ ಗೆಲುವಿನದ್ದು, ಇನ್ನೊಂದು ಅವರ ಸೋಲಿನದ್ದು.

ಕಾಕ್ ಹುಟ್ಟಿದ್ದು 1843ರ ಡಿಸೆಂಬರ್ 11ರಂದು, ಜರ್ಮನಿಯ ಹಾರ್ಟ್ಸ್ ಬೆಟ್ಟಸೀಮೆಯ ಕ್ಲೌಸ್ಟಾಲ್ ಅನ್ನುವ ಗಣಿ ಊರಿನಲ್ಲಿ. ತಂದೆಗೆ ಗಣಿಯಲ್ಲೇ ಕೆಲಸ, ಮನೆ ತುಂಬ ಮಕ್ಕಳು. ಗೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿದರು. ಅಲ್ಲಿ ಯಾಕೊಬ್ ಹೆನ್ಲೆ ಅನ್ನುವ ಪ್ರಾಧ್ಯಾಪಕರಿದ್ದರು. ಅಂಟುರೋಗಗಳಿಗೆ ಜೀವವಿರುವ ಏನೋ ಕಾರಣ ಇರಲೇಬೇಕು ಅಂತ ಅವರು 1840ರಲ್ಲೇ ವಾದಿಸಿದ್ದರು. ವಾದವೇನೋ ಇತ್ತು, ಪುರಾವೆ ಇರಲಿಲ್ಲ.

ಓದು ಮುಗಿಸಿ, ಮದುವೆಯಾಗಿ, ಊರೂರು ಅಲೆದು, ಫ್ರಾನ್ಸ್ ಜೊತೆಗಿನ ಯುದ್ಧದಲ್ಲೂ ವೈದ್ಯರಾಗಿ ದುಡಿದು, 1872ರಲ್ಲಿ ಕಾಕ್ ವೋಲ್‌ಸ್ಟೈನ್ ಅನ್ನುವ ಸಣ್ಣ ಊರಿಗೆ ಸರ್ಕಾರಿ ವೈದ್ಯರಾಗಿ ಹೋದರು. ಆ ಊರು ಈಗ ಪೋಲೆಂಡಿನಲ್ಲಿದೆ. ಅಲ್ಲಿ ಲ್ಯಾಬ್ ಇಲ್ಲ, ಗ್ರಂಥಾಲಯ ಇಲ್ಲ, ಮಾತಾಡಲು ಇನ್ನೊಬ್ಬ ವಿಜ್ಞಾನಿ ಇಲ್ಲ. ಹೆಂಡತಿ ಎಮ್ಮಿ ಉಡುಗೊರೆ ಕೊಟ್ಟರು ಅಂತ ಹೇಳುವ ಒಂದು ಸೂಕ್ಷ್ಮದರ್ಶಕ ಇತ್ತು. ರೋಗಿಗಳನ್ನು ನೋಡುವ ಮನೆಯಲ್ಲೇ ಒಂದು ಮೂಲೆ ಲ್ಯಾಬ್ ಆಯಿತು. ಫೆಸಿಲಿಟಿ ಇಲ್ಲ, ಅದಕ್ಕೇ ಪ್ರಾಜೆಕ್ಟ್ ಆಗಲಿಲ್ಲ ಅಂತ ಗೈಡ್ ಮುಂದೆ ಹೇಳುವ ನಾವು ಇಲ್ಲಿ ಸ್ವಲ್ಪ ತಲೆ ತಗ್ಗಿಸಬೇಕು.

ಆ ಸೀಮೆಯಲ್ಲಿ ಕುರಿ, ದನಗಳು ಆಂಥ್ರಾಕ್ಸ್‌ನಿಂದ ಸಾಯುತ್ತಿದ್ದವು. ನಮ್ಮ ರೈತರು ನೆರಡಿ ರೋಗ ಅನ್ನುವುದು ಇದನ್ನೇ. ಸತ್ತ ಪ್ರಾಣಿಯ ರಕ್ತದಲ್ಲಿ ಕಡ್ಡಿಯಂಥ ಜೀವಿಗಳಿರುವುದನ್ನು ಬೇರೆಯವರು ಆಗಲೇ ನೋಡಿದ್ದರು. ಆದರೆ ಆ ಕಡ್ಡಿಗಳಿಂದ ರೋಗ ಬಂತೋ, ರೋಗ ಬಂದಿದ್ದರಿಂದ ಕಡ್ಡಿಗಳು ಹುಟ್ಟಿದವೋ? ಎರಡು ಸಂಗತಿ ಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗೋದಿಲ್ಲ ಅಂತ ಸ್ಟಾಟಿಸ್ಟಿಕ್ಸ್ ಕ್ಲಾಸಿನಲ್ಲಿ ನಮಗೂ ಹೇಳಿದ್ದಾರೆ.

ಕಾಕ್ ಒಂದೊಂದೇ ಹೆಜ್ಜೆ ಇಟ್ಟರು. ಮರದ ಚೂರಿನ ತುದಿಗೆ ರೋಗದ ರಕ್ತ ಹಚ್ಚಿ ಇಲಿಗೆ ಚುಚ್ಚಿದರು. ಇಲಿ ಸತ್ತಿತು, ಅದರ ರಕ್ತದಲ್ಲಿ ಅವೇ ಕಡ್ಡಿಗಳು ಕಂಡವು. ಆರೋಗ್ಯವಂತ ಪ್ರಾಣಿಯ ರಕ್ತ ಚುಚ್ಚಿದ ಇಲಿಗಳಿಗೆ ಏನೂ ಆಗಲಿಲ್ಲ. ಆಮೇಲೆ ಎತ್ತಿನ ಕಣ್ಣಿನೊಳಗಿನ ದ್ರವದಲ್ಲಿ ಆ ಜೀವಿಗಳನ್ನು ಬೆಳೆಸಿದರು. ಆ ದ್ರವದಿಂದ ಇನ್ನಷ್ಟು ದ್ರವಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋದರು. ಈಗ ಮೊದಲ ಪ್ರಾಣಿಯ ರಕ್ತದ್ದು ಅಂತ ಹೇಳಲು ಏನೂ ಉಳಿದಿರಲಿಲ್ಲ, ಬೆಳೆದ ಜೀವಿಗಳಷ್ಟೇ ಉಳಿದಿದ್ದವು. ಅವನ್ನು ಚುಚ್ಚಿದರೂ ಇಲಿಗೆ ಅದೇ ರೋಗ ಬಂತು. ಜೊತೆಗೆ, ಈ ಕಡ್ಡಿಗಳು ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಾಣುಗಳಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು ಅನ್ನುವುದನ್ನೂ ಕಂಡುಕೊಂಡರು. ಕೆಲವು ಹುಲ್ಲುಗಾವಲುಗಳಲ್ಲಿ ಮೇಯ್ದ ದನಗಳು ಮತ್ತೆ ಮತ್ತೆ ಸಾಯುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. 1876ರಲ್ಲಿ ಬ್ರೆಸ್ಲಾವ್‌ನ ಫರ್ಡಿನಾಂಡ್ ಕೋನ್ ಎಂಬ ಸಸ್ಯವಿಜ್ಞಾನಿಯ ಮುಂದೆ ಇದನ್ನೆಲ್ಲ ಮಾಡಿ ತೋರಿಸಿದರು. ಹಳ್ಳಿ ಡಾಕ್ಟರು ರಾತ್ರಿ ಬೆಳಗಾಗುವುದರಲ್ಲಿ ವಿಜ್ಞಾನಿಯಾದರು.

1880ರಲ್ಲಿ ಬರ್ಲಿನ್‌ಗೆ ಕರೆ ಬಂತು. ಅಲ್ಲಿ ಅವರಿಗೆ ಎದುರಾದದ್ದು ಒಂದು ಅಪ್ಪಟ ಇಂಜಿನಿಯರಿಂಗ್ ಸಮಸ್ಯೆ. ಸಾರಿನಂಥ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರೆ ಹತ್ತು ಜಾತಿ ಕಲೆತುಹೋಗುತ್ತವೆ. ಯಾವುದು ಯಾವುದು ಅಂತ ಬಿಡಿಸೋದು ಹೇಗೆ? ಬೇಯಿಸಿದ ಆಲೂಗಡ್ಡೆ ಹೋಳಿನ ಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆಗಳು ಬೆಳೆಯುವುದನ್ನು ಕಾಕ್ ಗಮನಿಸಿದರು. ಒಂದೊಂದು ಚುಕ್ಕೆಯೂ ಒಂದೊಂದು ಜಾತಿ! ಗಟ್ಟಿ ಮೇಲ್ಮೈ ಇದ್ದರೆ ಜಾತಿಗಳು ಬೇರೆಯಾಗಿ ನಿಲ್ಲುತ್ತವೆ. ಮೊದಲು ಜೆಲಾಟಿನ್ ಬಳಸಿದರು, ಅದು ದೇಹದ ಉಷ್ಣತೆಯಲ್ಲಿ ಕರಗಿಹೋಗುತ್ತಿತ್ತು. ಲ್ಯಾಬಿನಲ್ಲಿದ್ದ ವಾಲ್ಟರ್ ಹೆಸ್ಸೆಯವರ ಹೆಂಡತಿ ಫ್ಯಾನಿ ಹೆಸ್ಸೆ ಅಡುಗೆಮನೆಯಲ್ಲಿ ಬಳಸುತ್ತಿದ್ದ ಅಗರ್ ಪ್ರಯತ್ನಿಸಲು ಸೂಚಿಸಿದರು. ಕೆಲಸ ಆಯಿತು. 1887ರಲ್ಲಿ ಅದೇ ಬಳಗದ ಪೆಟ್ರಿ ಮುಚ್ಚಳವಿರುವ ಚಪ್ಪಟೆ ತಟ್ಟೆ ಮಾಡಿದರು. ಬಯೋಟೆಕ್ ಬ್ರಾಂಚಿನ ಗೆಳೆಯರು ಇವತ್ತಿಗೂ ಹಿಡಿಯುವ ಅಗರ್ ಪ್ಲೇಟ್ ಹುಟ್ಟಿದ್ದು ಹೀಗೆ.

ಆಗ ಯುರೋಪಿನಲ್ಲಿ ದೊಡ್ಡ ಮಾರಿ ಅಂದರೆ ಕ್ಷಯ. ಏಳು ಸಾವಿನಲ್ಲಿ ಒಂದು ಕ್ಷಯದಿಂದ ಅನ್ನುವುದು ಕಾಕ್ ಕೊಟ್ಟ ಲೆಕ್ಕ. ಇದು ವಂಶದಿಂದ ಬರುತ್ತದೆ ಅಂತ ಎಷ್ಟೋ ಜನ ನಂಬಿದ್ದರು. ಈ ರೋಗಾಣು ಸಿಗೋದೂ ಕಷ್ಟ. ಅದರ ಮೈಮೇಲೆ ಮೇಣದಂಥ ಪದರ ಇರುವುದರಿಂದ ಮಾಮೂಲಿ ಬಣ್ಣ ಹಿಡಿಯೋದಿಲ್ಲ, ಬಣ್ಣ ಹಿಡಿಯದಿದ್ದರೆ ಕಣ್ಣಿಗೆ ಕಾಣೋದಿಲ್ಲ. ಕಾಕ್ ಮೆಥಿಲೀನ್ ಬ್ಲೂಗೆ ಕ್ಷಾರ ಸೇರಿಸಿ ಇಡೀ ದಿನ ನೆನೆಸಿಟ್ಟರು, ಕಂದು ಬಣ್ಣದಿಂದ ಹಿನ್ನೆಲೆ ತೊಳೆದರು. ಆಗ ಕಂಡವು ತೆಳ್ಳನೆಯ ನೀಲಿ ಕಡ್ಡಿಗಳು. ಬೆಳೆಸೋದು ಇನ್ನೂ ಕಷ್ಟ. ಕರುಳಿನ ಇ-ಕೋಲಿ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕ್ಷಯದ ಕಡ್ಡಿಗೆ ಸುಮಾರು ಇಪ್ಪತ್ತು ಗಂಟೆ ಬೇಕು. ನಾಲ್ಕು ದಿನಕ್ಕೇ ಏನೂ ಬೆಳೆದಿಲ್ಲ ಅಂತ ಎಸೆದಿದ್ದರೆ ಕಥೆ ಮುಗಿಯುತ್ತಿತ್ತು. ಕಾಕ್ ಕಾದರು. ಬೆಳೆದದ್ದನ್ನು ಗಿನಿಪಿಗ್‌ಗಳಿಗೆ ಚುಚ್ಚಿದರು, ಕ್ಷಯ ಬಂತು.

1882ರ ಮಾರ್ಚ್ 24ರ ಸಂಜೆ ಬರ್ಲಿನ್‌ನ ಸಭೆಯೊಂದರಲ್ಲಿ ಇನ್ನೂರಕ್ಕೂ ಹೆಚ್ಚು ಸ್ಲೈಡುಗಳನ್ನು ಮುಂದಿಟ್ಟು ಕಾಕ್ ತಮ್ಮ ಶೋಧ ವಿವರಿಸಿದರು. ವಿಶ್ವ ಕ್ಷಯ ದಿನವನ್ನು ಮಾರ್ಚ್ 24ಕ್ಕೆ ಆಚರಿಸುವುದು ಇದಕ್ಕೇ. ಅದೇ ವರ್ಷ ಪೌಲ್ ಎರ್ಲಿಕ್ ಬಣ್ಣ ಹಾಕುವ ವಿಧಾನವನ್ನು ಸುಧಾರಿಸಿದರು. ಕೆಮ್ಮುವವರ ಕಫವನ್ನು ಗಾಜಿಗೆ ಸವರಿ, ಬಣ್ಣ ಹಾಕಿ, ಕ್ಷಯ ಇದೆಯಾ ಅಂತ ಹೇಳುವುದು ಸಾಧ್ಯವಾಯಿತು. ಸ್ವಲ್ಪ ಬದಲಾದ ರೂಪದಲ್ಲಿ ಆ ಕಫ ಪರೀಕ್ಷೆ ಈಗಲೂ ನಮ್ಮ ಆರೋಗ್ಯ ಕೇಂದ್ರಗಳಲ್ಲಿ ನಡೆಯುತ್ತದೆ.

ಕಾಲರಾ ಹುಡುಕಿಕೊಂಡು ಕಾಕ್ ನಮ್ಮ ದೇಶಕ್ಕೂ ಬಂದರು. 1883ರಲ್ಲಿ ಈಜಿಪ್ಟ್, ಅಲ್ಲಿ ರೋಗ ಇಳಿದ ಮೇಲೆ ಕಲ್ಕತ್ತ. ಅಲ್ಲಿ ರೋಗಿಗಳ ಕರುಳಿನಲ್ಲೂ, ಜನ ಸ್ನಾನಕ್ಕೆ, ಕುಡಿಯಲಿಕ್ಕೆ ಬಳಸುವ ಕೆರೆಯ ನೀರಿನಲ್ಲೂ ಅಲ್ಪವಿರಾಮದ ಹಾಗೆ ಬಾಗಿದ ಬ್ಯಾಕ್ಟೀರಿಯಾ ಸಿಕ್ಕಿತು. ಇಟಲಿಯ ಪಚೀನಿ ಇದನ್ನು 1854ರಲ್ಲೇ ಕಂಡಿದ್ದರೂ ಯಾರೂ ಕಿವಿಗೊಟ್ಟಿರಲಿಲ್ಲ. ಇಲ್ಲೊಂದು ತೊಡಕು ಬಂತು: ಎಷ್ಟು ಪ್ರಯತ್ನಿಸಿದರೂ ಪ್ರಾಣಿಗಳಿಗೆ ಕಾಲರಾ ಬರಿಸಲು ಆಗಲಿಲ್ಲ. ರೋಗಿಯಲ್ಲಿ ರೋಗಾಣು ಸಿಗಬೇಕು, ಅದನ್ನು ಬೇರ್ಪಡಿಸಿ ಬೆಳೆಸಬೇಕು, ಬೆಳೆಸಿದ್ದರಿಂದ ರೋಗ ಬರಬೇಕು, ಮತ್ತೆ ಅದೇ ರೋಗಾಣು ಸಿಗಬೇಕು ಅನ್ನುವುದು ಈಗ ಕಾಕ್ ಹೆಸರಿನಲ್ಲೇ ಇರುವ ನಿಯಮ. ಮೂರನೆಯ ಹೆಜ್ಜೆ ಕಾಲರಾದಲ್ಲಿ ಸಿಗಲಿಲ್ಲ. ಕಾಕ್ ಅದನ್ನು ಮುಚ್ಚಿಡದೆ ಒಪ್ಪಿಕೊಂಡೇ ಮುಂದೆ ಹೋದರು.

ಸಿವಿಲ್‌ನವರಿಗೆ ಇಲ್ಲೊಂದು ಉಪಕಥೆ. 1892ರಲ್ಲಿ ಹ್ಯಾಂಬರ್ಗ್‌ನಲ್ಲಿ ಕಾಲರಾ ಬಂದು ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಂಟಿಕೊಂಡೇ ಇದ್ದ ಆಲ್ಟೋನಾ ಊರು ಬಹುಪಾಲು ಪಾರಾಯಿತು. ಎರಡೂ ಊರು ಕುಡಿಯುತ್ತಿದ್ದದ್ದು ಎಲ್ಬ ನದಿಯ ನೀರನ್ನೇ. ಆಲ್ಟೋನಾ ಇದ್ದದ್ದು ಹೊಳೆಯ ಕೆಳಗಡೆ, ಹ್ಯಾಂಬರ್ಗ್‌ನ ಚರಂಡಿ ಸೇರಿದ ಮೇಲಿನ ನೀರು ಅದರ ಪಾಲಿಗೆ. ಆದರೆ ಆಲ್ಟೋನಾ ನೀರನ್ನು ಮರಳಿನಲ್ಲಿ ಸೋಸಿ ಕೊಡುತ್ತಿತ್ತು, ಹ್ಯಾಂಬರ್ಗ್ ಸೋಸದೆ ಕೊಡುತ್ತಿತ್ತು. ವ್ಯತ್ಯಾಸ ಅಷ್ಟೇ. ಅಲ್ಲಿಗೆ ಹೋದ ಕಾಕ್ ಇದನ್ನು ಎತ್ತಿ ತೋರಿಸಿದರು. ಕಾಲರಾಕ್ಕೆ ಒಳ್ಳೆಯ ಮದ್ದು ಇಲ್ಲದ ಕಾಲದಲ್ಲಿ ಅದನ್ನು ತಡೆದದ್ದು ಒಂದು ಮರಳಿನ ಹಾಸು.

ಇಷ್ಟು ಗೆಲುವಿನ ಕಥೆ. ಇನ್ನು ಸೋಲಿನದ್ದು. ಇದು ನಡೆದದ್ದು ಹ್ಯಾಂಬರ್ಗ್‌ಗೂ ಎರಡು ವರ್ಷ ಮೊದಲು.

1890ರ ಆಗಸ್ಟಿನಲ್ಲಿ ಬರ್ಲಿನ್‌ನಲ್ಲಿ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನ ನಡೆಯಿತು. ಗಿನಿಪಿಗ್‌ಗಳಲ್ಲಿ ಕ್ಷಯವನ್ನು ತಡೆಯುವ ವಸ್ತು ಸಿಕ್ಕಿದೆ ಅಂತ ಕಾಕ್ ಅಲ್ಲಿ ಘೋಷಿಸಿದರು. ನವೆಂಬರ್ ಹೊತ್ತಿಗೆ ಮನುಷ್ಯರ ಮೇಲೂ ಬಳಕೆ ಶುರುವಾಯಿತು. ಅದರಲ್ಲಿ ಏನಿದೆ ಅಂತ ಹೇಳಲಿಲ್ಲ, ಪ್ರಾಣಿಗಳ ಮೇಲಿನ ಪ್ರಯೋಗದ ವಿವರ ಪ್ರಕಟಿಸಲಿಲ್ಲ. ಹೇಳಿದ್ದು ಕಾಕ್ ಅಂದಮೇಲೆ ಇನ್ನೇನು ಕೇಳೋದು? ದೇಶದೇಶದಿಂದ ರೋಗಿಗಳು ಬರ್ಲಿನ್‌ಗೆ ಬಂದು ಬಿದ್ದರು, ಉಳಿಯಲು ಜಾಗ ಸಿಗದ ಪರಿಸ್ಥಿತಿ. ಷರ್ಲಾಕ್ ಹೋಮ್ಸ್ ಕಥೆಗಳ ಲೇಖಕ ಕಾನನ್ ಡಾಯ್ಲ್ ಮೂಲತಃ ವೈದ್ಯರು. ಅವರೂ ಬರ್ಲಿನ್‌ಗೆ ಹೋಗಿ ನೋಡಿ ಬಂದು, ಇದನ್ನು ಪೂರ್ತಿ ನಂಬಬೇಡಿ ಅಂತ ಎಚ್ಚರಿಸಿ ಬರೆದರು.

ಆ ವಸ್ತುವಿನ ಹೆಸರು ಟ್ಯೂಬರ್ಕ್ಯುಲಿನ್. ಸತ್ತ ಕ್ಷಯದ ಕಡ್ಡಿಗಳಿಂದ ಗ್ಲಿಸರಿನ್‌ನಲ್ಲಿ ತೆಗೆದ ಸತ್ವ. ಕಾಕ್ ಮೊದಲು ತಮಗೇ ಚುಚ್ಚಿಕೊಂಡು ಚಳಿಜ್ವರದಲ್ಲಿ ನರಳಿದ್ದರು. ಧೈರ್ಯಕ್ಕೆ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ತಾಳ್ಮೆಗೆ. ಕೆಲವೇ ತಿಂಗಳಲ್ಲಿ ಚುಚ್ಚಿಸಿಕೊಂಡ ರೋಗಿಗಳು ಸಾಯತೊಡಗಿದರು. ಬರ್ಲಿನ್‌ನ ಹಿರಿಯ ರೋಗಶಾಸ್ತ್ರಜ್ಞ ವಿರ್ಕೋ ಶವಪರೀಕ್ಷೆ ಮಾಡಿ, ರೋಗ ಕಡಿಮೆಯಾಗಿಲ್ಲ, ಕೆಲವರಲ್ಲಿ ದೇಹದ ಬೇರೆ ಕಡೆಗೂ ಹರಡಿದೆ ಅಂತ ತೋರಿಸಿದರು. ಹೊಗಳಿದ ಪತ್ರಿಕೆಗಳೇ ತಿರುಗಿಬಿದ್ದವು.

ಯಾಕೆ ಹೀಗಾಯ್ತು? ಸಮ್ಮೇಳನದಲ್ಲಿ ಏನಾದರೂ ದೊಡ್ಡದು ತೋರಿಸಲಿ ಅನ್ನುವ ಸರ್ಕಾರದ ಒತ್ತಡ ಇತ್ತು. ಫ್ರಾನ್ಸಿನ ಪಾಶ್ಚರ್ ಜೊತೆ ಪೈಪೋಟಿ ಇತ್ತು. ಸ್ವಂತ ಸಂಸ್ಥೆಯ ಆಸೆ, ಮದ್ದಿನಿಂದ ಬರುವ ದುಡ್ಡಿನ ಲೆಕ್ಕ ಎರಡೂ ಇದ್ದವು. ಇಲಿಯ ಮುಂದೆ, ಆಲೂಗಡ್ಡೆಯ ಮುಂದೆ ಅಷ್ಟು ಹುಷಾರಾಗಿದ್ದವರು, ಚುಚ್ಚಿದ ಗುಂಪಿನ ಪಕ್ಕದಲ್ಲಿ ಚುಚ್ಚದ ಗುಂಪನ್ನೂ ಇಟ್ಟು ಹೋಲಿಸುವ ಪದ್ಧತಿಯನ್ನು ತಮ್ಮದೇ ಮದ್ದಿನ ವಿಷಯದಲ್ಲಿ ಬಿಟ್ಟುಬಿಟ್ಟರು. ಬೇರೆಯವರಿಂದ ಕೇಳುತ್ತಿದ್ದ ಪುರಾವೆಯನ್ನು ತಮ್ಮಿಂದ ತಾವೇ ಕೇಳಲಿಲ್ಲ. ಬೆಲೆ ಕೊಟ್ಟವರು ಮಾತ್ರ ರೋಗಿಗಳು.

ಆದರೆ ಟ್ಯೂಬರ್ಕ್ಯುಲಿನ್ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಕ್ಷಯದ ಸೋಂಕು ತಗುಲಿದವರ ದೇಹ ಈ ಸತ್ವಕ್ಕೆ ಜೋರಾಗಿ ಪ್ರತಿಕ್ರಿಯಿಸುತ್ತದೆ, ತಗುಲದವರದ್ದು ಸುಮ್ಮನಿರುತ್ತದೆ. ಹಾಗಾದರೆ ಇದು ಮದ್ದಲ್ಲ, ಪರೀಕ್ಷೆ! ಮೊದಲು ದನಗಳಲ್ಲಿ, ಆಮೇಲೆ ಪಿರ್ಕೆ ಮತ್ತು ಮಾಂಟೂ ಅವರ ಕೈಯಲ್ಲಿ ಮನುಷ್ಯರಲ್ಲಿ ಅದು ಪರೀಕ್ಷೆಯಾಗಿ ಗೆದ್ದಿತು. ಮುಂಗೈ ಚರ್ಮಕ್ಕೆ ಹನಿಯಷ್ಟು ಚುಚ್ಚಿ, ಎರಡು ಮೂರು ದಿನ ಬಿಟ್ಟು ಗಟ್ಟಿಯಾದ ಜಾಗವನ್ನು ಮಿಲಿಮೀಟರಿನಲ್ಲಿ ಅಳೆಯುವ ಮಾಂಟೂ ಟೆಸ್ಟ್ ನಮ್ಮಲ್ಲಿ ಕೆಲವರಿಗೆ ಚಿಕ್ಕಂದಿನಲ್ಲಿ ಆಗಿರಬಹುದು. ಇದು ಸೋಂಕು ತಗುಲಿದೆಯಾ ಅಂತ ಸೂಚಿಸುತ್ತದೆ, ರೋಗ ಈಗ ಕೆರಳಿದೆಯಾ ಅಂತ ಹೇಳಲಾರದು. ಅದಕ್ಕೆ ಎಕ್ಸ್-ರೇ, ಕಫ ಪರೀಕ್ಷೆ ಬೇಕೇ ಬೇಕು.

ಕಾಕ್ 1905ರಲ್ಲಿ ನೊಬೆಲ್ ಪಡೆದರು. ಅವಸರದ ಗುಣ ಮಾತ್ರ ಪೂರ್ತಿ ಹೋಗಲಿಲ್ಲ. 1906ರಲ್ಲಿ ಪೂರ್ವ ಆಫ್ರಿಕಾಕ್ಕೆ ನಿದ್ರಾರೋಗದ ಅಧ್ಯಯನಕ್ಕೆ ಹೋದಾಗ ಆರ್ಸೆನಿಕ್ ಇರುವ ಔಷಧವನ್ನು ಪ್ರಮಾಣ ಏರಿಸಿ ಕೊಟ್ಟರು, ಕೆಲವು ರೋಗಿಗಳು ಕಣ್ಣು ಕಳೆದುಕೊಂಡರು. ಆ ಬಡ ಆಫ್ರಿಕನ್ನರನ್ನು ಒಪ್ಪಿಗೆ ಕೇಳುವ ಕಾಲ ಅದಲ್ಲ. ದೊಡ್ಡವರ ಜೀವನ ಬರೆಯುವಾಗ ಇದನ್ನು ಬಿಟ್ಟು ಬರೆಯುವುದು ಸರಿಯಲ್ಲ ಅಂತ ನಮಗನ್ನಿಸಿತು. 1910ರ ಮೇ 27ರಂದು ಬಾಡೆನ್-ಬಾಡೆನ್‌ನಲ್ಲಿ ಕಾಕ್ ತೀರಿಕೊಂಡರು.

ಕ್ಷಯಕ್ಕೆ ನಿಜವಾದ ಮದ್ದು ಅವರು ನೋಡಲೇ ಇಲ್ಲ. ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಂದರೆ ರೋಗಾಣು ಸಿಕ್ಕ 61 ವರ್ಷಕ್ಕೆ. ಅದೊಂದನ್ನೇ ಕೊಟ್ಟರೆ ರೋಗಾಣು ಬೇಗ ಜಗ್ಗದಂತಾಗುತ್ತದೆ ಅಂತ ಗೊತ್ತಾದ ಮೇಲೆ ಹಲವು ಔಷಧಗಳನ್ನು ಜೊತೆಗೆ ಕೊಡುವ ಕ್ರಮ ಬಂತು. ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. 1959ರಲ್ಲಿ ಇಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಕೆಲಸದ ಆಧಾರದ ಮೇಲೆ 1962ರ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿತು. ಊರಿನ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ನೋಡಿ ಕ್ಷಯ ಪತ್ತೆ ಮಾಡುವುದು ಅದರ ಮುಖ್ಯ ಭಾಗವಾಗಿತ್ತು.

ಈಗ ನಮ್ಮ ವಿಷಯಕ್ಕೆ ಬರೋಣ. ಪ್ರಪಂಚದ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದವರು. ಒಂದೇ ರೂಮಿನಲ್ಲಿ ಮೂರು ನಾಲ್ಕು ಜನ ಮಲಗುವ ಹಾಸ್ಟೆಲ್ ನಮ್ಮದು, ಕ್ಷಯ ಹರಡೋದು ಗಾಳಿಯಲ್ಲಿ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಇಳಿಯುತ್ತಿರುವ ತೂಕ, ಇಂಥದ್ದು ರೂಮ್‌ಮೇಟ್‌ನಲ್ಲಿ ಕಂಡರೆ ಮೆಡಿಕಲ್ ಶಾಪಿನ ಸಿರಪ್ ತಂದು ಕೊಡೋದಲ್ಲ, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪರೀಕ್ಷೆಯೂ ಉಚಿತ, ಔಷಧಿಯೂ ಉಚಿತ. ಮಾಮೂಲಿ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಿಗೆ ಹುಷಾರಾಯ್ತು ಅಂತ ನಿಲ್ಲಿಸಿದರೆ ಉಳಿದ ರೋಗಾಣುಗಳು ಔಷಧಿಗೆ ಬಗ್ಗದೆ ತಿರುಗಿಬೀಳಬಹುದು.

ಮುಂದಿನ ಸಲ ಜ್ವರಕ್ಕೆ ಡಾಕ್ಟರು ರಕ್ತ ಪರೀಕ್ಷೆ ಬರೆದರೆ ನಾವಂತೂ ಗೊಣಗೋದಿಲ್ಲ. ಮತ್ತು ನಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ರಿಸಲ್ಟ್ ಚೆನ್ನಾಗಿ ಬಂದಿದೆ ಅಂತ ಬರೆಯುವ ಮೊದಲು ಇನ್ನೊಂದು ಸಲ ಟೆಸ್ಟ್ ಮಾಡಿ ನೋಡುತ್ತೇವೆ. ಡೆಡ್‌ಲೈನ್ ಎಷ್ಟೇ ಹತ್ತಿರ ಇರಲಿ.