ಅಜ್ಜನ ರೇಡಿಯೊದಲ್ಲಿ ಸಿಕ್ಕ ಮೇಜರ್

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲಿದ್ದ ಅಜ್ಜನ ವಾಲ್ವ್ ರೇಡಿಯೊ ಕೆಳಗಿಳಿಸಿದೆ. ಮರದ ಪೆಟ್ಟಿಗೆ, ಬಟ್ಟೆ ಹೊದಿಸಿದ ಸ್ಪೀಕರ್, ಗಾಜಿನ ಡಯಲ್, ಎರಡು ದಪ್ಪ ಗುಂಡಿಗಳು. ಡಯಲ್‌ ಮೇಲೆ 765ರ ಹತ್ತಿರ ಅಜ್ಜ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದರು. ಧಾರವಾಡ ಆಕಾಶವಾಣಿ ಸಿಗುತ್ತಿದ್ದ ಜಾಗ ಅದು. ಜೊತೆಗೆ ಪೋಸ್ಟ್ ಆಫೀಸಿನ ಲೈಸೆನ್ಸ್ ಪುಸ್ತಕವೂ ಇತ್ತು. ಆಗೆಲ್ಲ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲೂ ವರ್ಷವರ್ಷ ಹಣ ಕಟ್ಟಬೇಕಿತ್ತಂತೆ.

ನಿಜ ಹೇಳಬೇಕೆಂದರೆ, ನಾನು ಊರಿಗೆ ಹೋಗಿದ್ದು ರೇಡಿಯೊ ನೋಡಲು ಅಲ್ಲ, ಮುಖ ಮರೆಸಿಕೊಳ್ಳಲು. ನಾನು, ನನ್ನ ಗೆಳೆಯ ಸೇರಿ ಮಾಡಿದ ಮಿನಿ ಪ್ರಾಜೆಕ್ಟ್‌ಗೆ ಒಂದು ಸ್ಪರ್ಧೆಯಲ್ಲಿ ಬಹುಮಾನ ಬಂದಿತ್ತು. ಐಡಿಯಾ ನನ್ನದು, ಹೆಸರು ಮಾತ್ರ ಅವನದು. ನಾಲ್ಕು ತಿಂಗಳಿಂದ ಮಾತು ಬಿಟ್ಟಿದ್ದೆ. ಎರಡು ಪುಟದ ದೂರಿನ ಪತ್ರ ಬರೆದು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ.

ಬೇಸರ ಕಳೆಯಲು, ಪ್ಲಗ್ ಹಾಕದೆ, ರೇಡಿಯೊದ ಹಿಂದಿನ ರಟ್ಟು ಬಿಚ್ಚಿದೆ. ಒಳಗೆ ಐದು ವಾಲ್ವ್‌ಗಳು, ಅಲ್ಯೂಮಿನಿಯಂನ ಎರಡು ಪುಟ್ಟ ಡಬ್ಬಿಗಳು, ಗುಂಡಿ ತಿರುಗಿಸಿದರೆ ಒಂದರೊಳಗೊಂದು ಸರಿಯುವ ತಗಡಿನ ಹಾಳೆಗಳ ಎರಡು ಗುಂಪು. ನೋಡುತ್ತಿದ್ದಂತೆ ಮೈ ಜುಮ್ಮೆಂದಿತು. ಹತ್ತು ಅಂಕಕ್ಕೆಂದು ಬಾಯಿಪಾಠ ಮಾಡಿದ್ದ ಸೂಪರ್‌ಹೆಟೆರೊಡೈನ್ ಬ್ಲಾಕ್ ಡಯಾಗ್ರಾಂ ಕಣ್ಣ ಮುಂದೆ ಧೂಳು ಹೊದ್ದು ಕೂತಿತ್ತು!

ಅದರ ಜಾಣತನ ಇಷ್ಟೇ. ಒಂದೊಂದು ಕೇಂದ್ರದ ತರಂಗಾಂತರ ಒಂದೊಂದು. ಎಲ್ಲವನ್ನೂ ಅಷ್ಟೇ ಚೆನ್ನಾಗಿ ಹಿಗ್ಗಿಸುವ ಸರ್ಕೀಟ್ ಕಟ್ಟುವುದು ಕಷ್ಟ. ಅದಕ್ಕೇ ರೇಡಿಯೊ ತಾನೇ ಒಳಗೊಂದು ಸಿಗ್ನಲ್ ಹುಟ್ಟಿಸುತ್ತದೆ. ಧಾರವಾಡದ 765 ಕಿಲೊಹರ್ಟ್ಜ್ ಬಂದರೆ ಒಳಗೆ 1220 ಹುಟ್ಟುತ್ತದೆ. ಎರಡೂ ಬೆರೆತಾಗ ಸಿಗುವ ವ್ಯತ್ಯಾಸ 455. ಬೆಂಗಳೂರಿನ 612ಕ್ಕೆ ತಿರುಗಿಸಿದರೆ ಒಳಗಿನದು 1067 ಆಗುತ್ತದೆ, ವ್ಯತ್ಯಾಸ ಮತ್ತೆ 455. ಯಾವ ಊರಿನ ದನಿಯೇ ಬರಲಿ, ಮುಂದಿನ ವಾಲ್ವ್‌ಗಳು 455 ಒಂದನ್ನೇ ಚೆನ್ನಾಗಿ ಹಿಗ್ಗಿಸಿದರೆ ಸಾಕು. ಆ ಎರಡು ಡಬ್ಬಿಗಳೊಳಗಿನ ಕಾಯಿಲ್‌ಗಳು ಅದಕ್ಕೆಂದೇ ಟ್ಯೂನ್ ಆಗಿರುತ್ತವೆ. ಇದನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ನನ್ನ ಬಳಿ ಹೆಸರಷ್ಟೇ ಇತ್ತು: ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್. ಉಳಿದ ರಜೆಯೆಲ್ಲ ಅವರ ಬದುಕನ್ನು ಓದುವುದರಲ್ಲೇ ಕಳೆಯಿತು.

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕ್‌ನಲ್ಲಿ. ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಎರಡು ವರ್ಷ ಶಾಲೆ ತಪ್ಪಿತು. ಕುತ್ತಿಗೆ, ಭುಜ ಅದುರುವುದು ಕೊನೆತನಕ ಉಳಿಯಿತು. ಯಾಂಕರ್ಸ್ ಎಂಬ ಊರಿನ ಮನೆಯ ಅಂಗಳದಲ್ಲಿ ಹುಡುಗ ತಾನೇ 125 ಅಡಿಯ ಆಂಟೆನಾ ಕಂಬ ನಿಲ್ಲಿಸಿದ್ದ. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೇರಿದರು.

ಮೂರು ತುದಿಯ ವಾಲ್ವ್ ಆಗಲೇ ಬಂದಿತ್ತು. ಅದನ್ನು 1906ರಲ್ಲಿ ರೂಪಿಸಿದವರು ಲೀ ಡಿ ಫಾರೆಸ್ಟ್. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಅವರಿಗೇ ಸ್ಪಷ್ಟವಿರಲಿಲ್ಲ. ವಿದ್ಯಾರ್ಥಿಯಾಗಿದ್ದ ಆರ್ಮ್‌ಸ್ಟ್ರಾಂಗ್ ಅಳೆದು ನೋಡಿ ಅದನ್ನು ಅರ್ಥ ಮಾಡಿಕೊಂಡರು. 1912ರಲ್ಲಿ, ವಾಲ್ವ್‌ನಿಂದ ಹೊರಬಂದ ಸಿಗ್ನಲ್‌ನ ಒಂದು ಪಾಲನ್ನು ಮತ್ತೆ ಅದರ ಬಾಯಿಗೇ ಕೊಟ್ಟರು. ಅದುವರೆಗೆ ಪಿಸುಗುಟ್ಟುತ್ತಿದ್ದ ದೂರದ ಕೇಂದ್ರಗಳು ಜೋರಾಗಿ ಕೇಳಿಸಿದವು. ಇದೇ ರೀಜನರೇಷನ್. ಆಗ ಅವರ ವಯಸ್ಸು 21. ಈ ಸಾಲು ಓದಿದಾಗ ಇಪ್ಪತ್ತರ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

1913ರ ಜನವರಿ 31ರಂದು ಅವರು ಆ ಸರ್ಕೀಟಿನ ಚಿತ್ರ ಬರೆದು ನೋಟರಿ ಮುದ್ರೆ ಹಾಕಿಸಿಕೊಂಡರು. ಪೇಟೆಂಟ್‌ಗೆ ಅರ್ಜಿ ಹಾಕಿದ್ದು ಅಕ್ಟೋಬರ್‌ನಲ್ಲಿ. ಆಮೇಲೆ ಡಿ ಫಾರೆಸ್ಟ್, ಇದನ್ನು ತಾವು ಮೊದಲೇ ಕಂಡಿದ್ದಾಗಿ ಹೇಳಿ ಮೊಕದ್ದಮೆಗಿಳಿದರು.

ಮೊದಲ ಮಹಾಯುದ್ಧದಲ್ಲಿ ಸೇನೆ ಸೇರಿ ಪ್ಯಾರಿಸ್‌ಗೆ ಹೋದ ಆರ್ಮ್‌ಸ್ಟ್ರಾಂಗ್, 1918ರಲ್ಲಿ ಅಲ್ಲೇ ಸೂಪರ್‌ಹೆಟೆರೊಡೈನ್ ರೂಪಿಸಿದರು. ಮೇಜರ್ ಎಂಬ ಹೆಸರು ಕಾಯಂ ಆಯಿತು. 1923ರಲ್ಲಿ ಆರ್‌ಸಿಎ ಕಂಪನಿಯ ಜನರಲ್ ಮ್ಯಾನೇಜರ್ ಡೇವಿಡ್ ಸರ್ನಾಫ್ ಅವರ ಕಾರ್ಯದರ್ಶಿಯಾಗಿದ್ದ ಮೇರಿಯನ್ ಅವರನ್ನು ಮದುವೆಯಾದರು. ಉಡುಗೊರೆ ಏನು ಗೊತ್ತೇ? ತಾವೇ ಕಟ್ಟಿದ, ಕೈಯಲ್ಲಿ ಹಿಡಿದು ಒಯ್ಯಬಹುದಾದ ಸೂಪರ್‌ಹೆಟ್ ರೇಡಿಯೊ! ಪೇಟೆಂಟ್ ಮಾರಿದ್ದಕ್ಕೆ ಸಿಕ್ಕ ಷೇರುಗಳಿಂದ ಅವರು ಆರ್‌ಸಿಎಯ ಅತಿ ದೊಡ್ಡ ಖಾಸಗಿ ಷೇರುದಾರರೂ ಆದರು.

ಕತೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ರೀಜನರೇಷನ್ ಮೊಕದ್ದಮೆ 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಡಿ ಫಾರೆಸ್ಟ್ ಪರವಾಗಿ ಮುಗಿಯಿತು. ಆ ಶೋಧಕ್ಕಾಗಿ ರೇಡಿಯೊ ಎಂಜಿನಿಯರುಗಳ ಸಂಸ್ಥೆ ಹಿಂದೆ ಕೊಟ್ಟಿದ್ದ ಪದಕವನ್ನು ಹಿಂತಿರುಗಿಸಲು ಆರ್ಮ್‌ಸ್ಟ್ರಾಂಗ್ ಹೋದರು. ಸಂಸ್ಥೆ ವಾಪಸ್ ಪಡೆಯಲಿಲ್ಲ. ಸಭೆಯಲ್ಲಿದ್ದ ಎಂಜಿನಿಯರುಗಳು ಎದ್ದುನಿಂತು ಚಪ್ಪಾಳೆ ತಟ್ಟಿದರು. ಕೋರ್ಟ್ ಏನೇ ಹೇಳಲಿ, ಜೊತೆಯವರಿಗೆ ಸತ್ಯ ಗೊತ್ತಿತ್ತು.

ಆ ಹೊತ್ತಿಗೆ ಅವರ ಕೈಯಲ್ಲಿ ಇನ್ನೂ ದೊಡ್ಡದೊಂದಿತ್ತು. ಮಿಂಚು, ಮೋಟರುಗಳ ಗೊರಗೊರ ಇಲ್ಲದ ರೇಡಿಯೊ. ಎಫ್‌ಎಂನಿಂದ ಪ್ರಯೋಜನವಿಲ್ಲ ಎಂದು ಜಾನ್ ಕಾರ್ಸನ್ 1922ರಲ್ಲೇ ಗಣಿತದಿಂದ ತೋರಿಸಿದ್ದರು. ಎಲ್ಲರೂ ತರಂಗದ ಪಟ್ಟಿಯನ್ನು ಕಿರಿದು ಮಾಡಲು ಹೆಣಗುತ್ತಿದ್ದಾಗ ಆರ್ಮ್‌ಸ್ಟ್ರಾಂಗ್ ಅದನ್ನು ಅಗಲ ಮಾಡಿದರು. ಗೊರಗೊರ ಅಡಗಿತು. 1933ರಲ್ಲಿ ಪೇಟೆಂಟ್ ಸಿಕ್ಕಿತು, 1935ರಲ್ಲಿ ಎಂಜಿನಿಯರುಗಳ ಮುಂದೆ ಪ್ರದರ್ಶನ ನಡೆಯಿತು. ಅದೇ 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ಶುರು ಮಾಡಿದ್ದರು.

ಆದರೆ ಆರ್‌ಸಿಎಗೆ ಟೆಲಿವಿಷನ್ ಮುಖ್ಯವಾಗಿತ್ತು. ಎಂಪೈರ್ ಸ್ಟೇಟ್ ಕಟ್ಟಡದಲ್ಲಿದ್ದ ಪ್ರಯೋಗದ ಸಲಕರಣೆ ತೆಗೆಯುವಂತೆ ಹೇಳಿತು. ಆರ್ಮ್‌ಸ್ಟ್ರಾಂಗ್ ಸ್ವಂತ ಹಣದಿಂದ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ಗೋಪುರ ಕಟ್ಟಿದರು. 1940ರಲ್ಲಿ ಆರ್‌ಸಿಎ, ರಾಯಲ್ಟಿ ಬದಲು ಒಂದೇ ಸಲ 10 ಲಕ್ಷ ಡಾಲರ್ ಕೊಡುವುದಾಗಿ ಹೇಳಿತು. ಉಳಿದ ಕಂಪನಿಗಳು ರಾಯಲ್ಟಿ ಕೊಡುವಾಗ ಇವರಿಗೊಂದು ನ್ಯಾಯವೇ ಎಂದು ಅವರು ಒಪ್ಪಲಿಲ್ಲ. 1945ರಲ್ಲಿ ಸರ್ಕಾರ ಎಫ್‌ಎಂ ಅನ್ನು 88ರಿಂದ 108 ಮೆಗಾಹರ್ಟ್ಜ್‌ಗೆ ಸ್ಥಳಾಂತರಿಸಿದಾಗ ಜನರ ಮನೆಯ ಹಳೆಯ ಎಫ್‌ಎಂ ಸೆಟ್‌ಗಳು ಮೂಲೆಗೆ ಬಿದ್ದವು. 1948ರಲ್ಲಿ ಅವರು ಆರ್‌ಸಿಎ ವಿರುದ್ಧ ಮೊಕದ್ದಮೆ ಹೂಡಿದರು. ವಿಚಾರಣೆ ವರ್ಷಗಟ್ಟಲೆ ಎಳೆಯಿತು. ಹಣ ಕರಗಿತು, ಪೇಟೆಂಟ್ ಅವಧಿ ಮುಗಿಯಿತು. ರಾಜಿ ಮಾಡಿಕೊಳ್ಳುವ ವಿಷಯದಲ್ಲಿ ಮನೆಯಲ್ಲೂ ಜಗಳವಾಗಿ, 1953ರ ಕೊನೆಯಲ್ಲಿ ಮೇರಿಯನ್ ಸೋದರಿಯ ಮನೆಗೆ ಹೋದರು. 1954ರ ಜನವರಿಯ ಕೊನೆಯ ರಾತ್ರಿ ಒಂಟಿಯಾಗಿದ್ದ ಮೇಜರ್ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ವಯಸ್ಸು 63. ನೋಟರಿ ಮುದ್ರೆ ಹಾಕಿಸಿದ ದಿನಕ್ಕೆ ಸರಿಯಾಗಿ 41 ವರ್ಷ ಆಗಿತ್ತು.

ಮೇರಿಯನ್ ಅದೇ ವರ್ಷ ಆರ್‌ಸಿಎ ಜೊತೆ ಸುಮಾರು 10 ಲಕ್ಷ ಡಾಲರ್‌ಗೆ ರಾಜಿಯಾದರು. ಬೇರೆ ಕಂಪನಿಗಳ ಮೇಲಿನ ಮೊಕದ್ದಮೆಗಳನ್ನು ಮುಂದುವರಿಸಿ, 1967ರಲ್ಲಿ ಕೊನೆಯದನ್ನೂ ಗೆದ್ದರು. ಗೆಲುವು ಬಂತು, ಗೆಲ್ಲಬೇಕಾದವರು ಇರಲಿಲ್ಲ.

ಇದನ್ನು ಓದಿದ ಮೇಲೆ ನನ್ನ ಮಿನಿ ಪ್ರಾಜೆಕ್ಟ್ ಜಗಳವನ್ನು ಅದರ ಪಕ್ಕ ಇಡಲೂ ನಾಚಿಕೆಯಾಯಿತು. ಹಾಗಂತ ಅನ್ಯಾಯವಾದರೆ ಸುಮ್ಮನಿರಬೇಕು ಎಂದು ನನಗೆ ಅನ್ನಿಸಿಲ್ಲ. ಮೇಜರ್ ಹೇಳಿದ್ದು ಸರಿಯೇ ಇತ್ತು. ಆದರೆ ಸರಿ ಇರುವುದೊಂದೇ ಬದುಕಲು ಸಾಲದು. ಮಾತಾಡಲು ಜನ ಬೇಕು, ರಾತ್ರಿ ಕಳೆಯಲು ಮನೆ ಬೇಕು. ಕೆಲಸ ಸಿಗಲಿಲ್ಲ, ಹೆಸರು ಬರಲಿಲ್ಲ ಎಂದು ಒಳಗೊಳಗೇ ಕುದಿಯುವ ನಮ್ಮಂಥವರು ಮೊದಲು ಯಾರ ಹತ್ತಿರವಾದರೂ ಅದನ್ನು ಹೇಳಿಕೊಳ್ಳಬೇಕು.

ನಾನು ಎರಡು ಕೆಲಸ ಮಾಡಿದೆ. ಒಂದು, ಐಡಿಯಾ ಹೊಳೆದ ದಿನವೇ ತಾರೀಖು ಹಾಕಿ ಬರೆದಿಡಲು ಒಂದು ನೋಟ್‌ಬುಕ್ ತಂದೆ. ಇನ್ನೊಂದು, ಗೆಳೆಯನಿಗೆ ಫೋನ್ ಮಾಡಿದೆ. ಹೆಸರಿನ ವಿಷಯ ನೇರವಾಗಿ ಕೇಳಿದೆ. ಅರ್ಧ ಗಂಟೆ ಜಗಳವೇ ಆಯಿತು. ಫಾರಂ ತುಂಬುವಾಗ ಒಂದೇ ಹೆಸರಿಗೆ ಜಾಗವಿತ್ತು, ನನಗೆ ಹೇಳಲು ಧೈರ್ಯ ಬರಲಿಲ್ಲ ಎಂದು ಕೊನೆಗೆ ಒಪ್ಪಿಕೊಂಡ. ನನಗೆ ಪೂರ್ತಿ ಸಮಾಧಾನವಾಗಿಲ್ಲ. ಆದರೂ ರೇಡಿಯೊದ ಫೋಟೊ ಕಳಿಸಿದೆ.

ಮುಂದಿನ ಭಾನುವಾರ ಮಲ್ಟಿಮೀಟರ್ ಹಿಡಿದು ಊರಿಗೇ ಬಂದ. ಒಣಗಿಹೋದ ಎರಡು ಕೆಪಾಸಿಟರ್ ಬದಲಿಸಿದ್ದೇವೆ. ಒಂದು ವಾಲ್ವ್ ಇನ್ನೂ ಸಿಕ್ಕಿಲ್ಲ. ಅಜ್ಜನ ಕೆಂಪು ಚುಕ್ಕೆಯನ್ನು ಮಾತ್ರ ಒರೆಸಿಲ್ಲ. ರೇಡಿಯೊ ಹಾಡುವ ದಿನ ಮುಳ್ಳು ಮೊದಲು ಅಲ್ಲಿಗೇ ಹೋಗಬೇಕು.