ಶೋಕದ ದಾರಿಯಲ್ಲಿ ರವೀಂದ್ರರು

ಕಾರವಾರದ ಕಡಲ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಆ ಮರಳಿನ ಮೇಲೆ ಆಡಿ ಬೆಳೆದ ನನಗೆ ಆ ಹೆಸರು ಚಿರಪರಿಚಿತ. ಋಷಿಗಳಂತೆ ಗಡ್ಡ ಬಿಟ್ಟ ಆ ಮುಖವೂ ಪಠ್ಯಪುಸ್ತಕಗಳಿಂದ ಪರಿಚಿತ. ನೊಬೆಲ್ ಪಾರಿತೋಷಕ, ರಾಷ್ಟ್ರಗೀತೆ, ಶಾಂತಿನಿಕೇತನ - ಪರೀಕ್ಷೆಗೆ ಬೇಕಾದ ಈ ಮೂರು ಸಂಗತಿಗಳ ಆಚೆಗೆ ನಾನು ಅವರನ್ನು ಅರಿತಿರಲಿಲ್ಲ. ಅರಿಯುವಂತೆ ಮಾಡಿದುದು ನಮ್ಮ ಮನೆಯಲ್ಲಾದ ಒಂದು ಸಾವು.

ಕಳೆದ ವರ್ಷ ಆಷಾಢದಲ್ಲಿ ನನ್ನ ತಮ್ಮ ಜ್ವರದಿಂದ ತೀರಿಕೊಂಡ. ಅವನಿಗೆ ಆಗ 11 ವರ್ಷ. ಮನೆಗೆ ಬಂದವರೆಲ್ಲರೂ ಮರೆಯಬೇಕೆಂದು ಹೇಳಿ ಹೋದರು. ಹೇಳಿದುದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಮರೆಯುವುದು ಹೇಗೆಂದು ಯಾರೂ ಹೇಳಲಿಲ್ಲ. ಆಯಿ ಅವನ ಹೆಸರನ್ನೇ ಎತ್ತುವುದನ್ನು ಬಿಟ್ಟಳು. ಬಾಗಿಲ ಬಳಿ ಅವನ ಚಪ್ಪಲಿಗಳು ಇದ್ದಲ್ಲಿಯೇ ಇದ್ದವು. ಅವನ್ನು ಎತ್ತಿಡುವ ಧೈರ್ಯ ಯಾರಿಗೂ ಬರಲಿಲ್ಲ. ನಾನು ತರಗತಿಗೆ ಬಂದು ಕೂಡುತ್ತಿದ್ದೆ, ಪಾಠ ಮಾತ್ರ ಕಿವಿಗೆ ಬೀಳುತ್ತಿರಲಿಲ್ಲ. ಇದನ್ನು ಗಮನಿಸಿದ ನಮ್ಮ ಅಧ್ಯಾಪಕರೊಬ್ಬರು ಉಪದೇಶವೇನನ್ನೂ ಮಾಡದೆ, ಗ್ರಂಥಾಲಯದಿಂದ ರವೀಂದ್ರರ ಜೀವನಚರಿತ್ರೆಯೊಂದನ್ನು ತೆಗೆಸಿಕೊಟ್ಟರು. ಅದನ್ನೂ, ಅದರ ಬೆನ್ನಿಗೆ ಅವರ ಆತ್ಮಕಥನವಾದ 'ಜೀವನಸ್ಮೃತಿ'ಯನ್ನೂ ಓದಿದೆ. ಆ ಓದಿನಿಂದ ನನಗೆ ದೊರೆತುದನ್ನು ಸಹಪಾಠಿಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ರವೀಂದ್ರರು ಹುಟ್ಟಿದುದು 1861ರ ಮೇ 7ರಂದು, ಕಲ್ಕತ್ತೆಯ ಜೋಡಾಸಾಂಕೋ ಮನೆತನದಲ್ಲಿ. ತಂದೆ ಮಹರ್ಷಿ ದೇವೇಂದ್ರನಾಥರು, ತಾಯಿ ಶಾರದಾದೇವಿ. ತುಂಬಿದ ಮನೆಯಲ್ಲಿ ಆಳುಕಾಳುಗಳ ಕೈಯಲ್ಲಿ ಬೆಳೆದ ಹುಡುಗನಿಗೆ 1875ರಲ್ಲಿ ತಾಯಿ ಇಲ್ಲವಾದಳು. ಬೆಳಿಗ್ಗೆ ಅಂಗಳದ ಮಂಚದ ಮೇಲೆ ಮಲಗಿಸಿದ್ದ ತಾಯಿಯನ್ನು ಕಂಡಾಗ ಅವನಿಗೆ ಭಯವೇನೂ ಆಗಲಿಲ್ಲ, ನಿದ್ದೆಯಂತೆಯೇ ಕಂಡಿತು. ದೇಹವನ್ನು ಹೆಬ್ಬಾಗಿಲಿನಿಂದ ಹೊರಗೆ ಒಯ್ದು ಸ್ಮಶಾನದತ್ತ ಹೊರಟಾಗಲಷ್ಟೇ, ಅವಳು ಇನ್ನು ತನ್ನ ಜಾಗದಲ್ಲಿ ಬಂದು ಕೂಡುವುದಿಲ್ಲವೆಂಬ ಅರಿವು ಎದೆಗೆ ಬಡಿಯಿತು. ತಾಯಿಯಿಲ್ಲದ ಮಕ್ಕಳನ್ನು ಆ ದಿನಗಳಲ್ಲಿ ಹತ್ತಿರ ಕರೆದು ಉಣ್ಣಿಸಿ ನೋಡಿಕೊಂಡವರು ಅಣ್ಣ ಜ್ಯೋತಿರಿಂದ್ರನಾಥರ ಪತ್ನಿ ಕಾದಂಬರಿದೇವಿ. ರವೀಂದ್ರರಿಗಿಂತ ಎರಡು ವರ್ಷ ಮಾತ್ರ ದೊಡ್ಡವರಾದ ಈ ಅತ್ತಿಗೆಯೇ ಮುಂದೆ ಅವರ ಕವಿತೆಗಳ ಮೊದಲ ಓದುಗರೂ ವಿಮರ್ಶಕರೂ ಆದರು.

1883ರಲ್ಲಿ ರವೀಂದ್ರರು ನಮ್ಮ ಕಾರವಾರಕ್ಕೆ ಬಂದರು. ಎರಡನೆಯ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದುದನ್ನೂ, ಕಡಲ ತೀರದ ಮರಳಿನಲ್ಲಿ ನಡೆದು ಬಂದುದನ್ನೂ ಅವರು ಆತ್ಮಕಥನದಲ್ಲಿ ನೆನೆದಿದ್ದಾರೆ. ಇಲ್ಲಿಯೇ ಅವರು 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕವನ್ನು ಬರೆದರು. ಲೋಕದ ಬಂಧನಗಳನ್ನೆಲ್ಲ ಕಡಿದುಕೊಂಡೆನೆಂದು ಬೀಗುವ ಸಂನ್ಯಾಸಿಯೊಬ್ಬನನ್ನು ಪುಟ್ಟ ಹುಡುಗಿಯೊಬ್ಬಳ ಮಮತೆ ಮತ್ತೆ ಲೋಕಕ್ಕೆ ಎಳೆಯುತ್ತದೆ. ಅವಳನ್ನು ತೊರೆದು ಹೋದವನು ಮನಸ್ಸು ಕರಗಿ ಮರಳುವಷ್ಟರಲ್ಲಿ ಅವಳು ತೀರಿಕೊಂಡಿರುತ್ತಾಳೆ. ಪ್ರೀತಿಸಿದವನು ದುಃಖದಿಂದ ತಪ್ಪಿಸಿಕೊಳ್ಳಲಾರನೆಂಬುದನ್ನು 22 ವರ್ಷದ ತರುಣ ಬರೆದದ್ದೇನೋ ಆಯಿತು. ಅನುಭವಿಸಲು ಬಹಳ ದಿನ ಕಾಯಬೇಕಾಗಲಿಲ್ಲ.

ಕಾರವಾರದಿಂದ ಹಿಂತಿರುಗಿದ ಕೆಲವು ತಿಂಗಳಲ್ಲಿ, ಅದೇ ವರ್ಷದ ಡಿಸೆಂಬರಿನಲ್ಲಿ, ಮೃಣಾಲಿನೀದೇವಿಯೊಡನೆ ಅವರ ವಿವಾಹವಾಯಿತು. 1884ರ ಏಪ್ರಿಲ್‌ನಲ್ಲಿ ಕಾದಂಬರಿದೇವಿ ತಾವೇ ಜೀವ ಕಳೆದುಕೊಂಡರು. ಸೂರ್ಯ, ಚಂದ್ರ, ಗಿಡಮರ ಎಲ್ಲವೂ ಇದ್ದಲ್ಲಿಯೇ ಇದ್ದು, ಅವೆಲ್ಲಕ್ಕಿಂತ ನಿಜವಾಗಿದ್ದ ಒಂದು ಜೀವ ಮಾತ್ರ ಇಲ್ಲವಾದುದು ಅವರಿಗೆ ಅರ್ಥವೇ ಆಗಲಿಲ್ಲ. ಊಟ ಉಡುಗೆಗಳ ಪರಿವೆ ಹೋಯಿತು. ಒರಟು ಚಾದರವನ್ನು ಹೊದ್ದು ಚಪ್ಪಲಿ ಮೆಟ್ಟಿಕೊಂಡು ಕಲ್ಕತ್ತೆಯ ದೊಡ್ಡ ಪುಸ್ತಕದಂಗಡಿಗೆ ಹೋಗಿಬಂದರು. ಮಳೆ ಚಳಿಯೆನ್ನದೆ ಮೂರನೆಯ ಮಹಡಿಯ ತೆರೆದ ಬಿಸಿಲುಮಚ್ಚಿನಲ್ಲಿ ಮಲಗಿದರು. ಕತ್ತಲೆಯಲ್ಲಿ ಕುರುಡರಂತೆ ಯಾವುದೋ ಗುರುತಿಗಾಗಿ ತಡಕಾಡಿದರು. ಹೀಗೆ ತಿಂಗಳುಗಳು ಕಳೆದ ಮೇಲೆ, ಹಿಡಿದಿಟ್ಟುಕೊಳ್ಳಲಾಗದು ಎಂಬ ಅರಿವಿನಲ್ಲಿಯೇ ಒಂದು ಹಗುರವಿದೆಯೆಂದು ಅವರಿಗೆ ತೋರಿತು. ನನಗೆ ಮುಖ್ಯವೆನಿಸಿದುದು ಈ ಅವಧಿ. ಅವರು ಶೋಕದಿಂದ ಓಡಲಿಲ್ಲ, ಅದರೊಡನೆ ಇದ್ದರು.

1901ರ ಡಿಸೆಂಬರಿನಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಹುಡುಗರನ್ನು ಇಟ್ಟುಕೊಂಡು ಅವರು ಶಾಲೆಯನ್ನು ತೆರೆದರು. ಅದರ ಖರ್ಚಿಗೆ ಮೃಣಾಲಿನೀದೇವಿ ತಮ್ಮ ಒಡವೆಗಳನ್ನು ಕೊಟ್ಟರು. ಮರುವರ್ಷವೇ ಅವರು ಕಾಯಿಲೆ ಬಿದ್ದರು. ವಿದ್ಯುತ್ ಪಂಖವಿಲ್ಲದ ಆ ದಿನಗಳಲ್ಲಿ ರವೀಂದ್ರರು ಹಗಲಿರುಳೂ ಬಳಿಯಲ್ಲಿ ಕುಳಿತು ಬೀಸಣಿಗೆ ಬೀಸಿದರು. 1902ರ ನವೆಂಬರ್ 23ರಂದು ಆಕೆ ತೀರಿಕೊಂಡಾಗ, ಆ ರಾತ್ರಿಯೆಲ್ಲ ಅವರು ಮಹಡಿಯ ಮೇಲೆ ಒಂಟಿಯಾಗಿ ಅಡ್ಡಾಡಿದರು. ಹಿರಿಯ ಮಗ ರಥೀಂದ್ರನನ್ನು ಕರೆದು, ತಾಯಿ ಮೆಟ್ಟುತ್ತಿದ್ದ ಚಪ್ಪಲಿಗಳನ್ನು ಅವನ ಕೈಗೆ ಕೊಟ್ಟು, ಜೋಪಾನವಾಗಿ ಇಟ್ಟುಕೊಳ್ಳುವಂತೆ ಹೇಳಿದರು. ಇದನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ನಮ್ಮ ಮನೆಯ ಬಾಗಿಲು ಕಣ್ಣೆದುರಿಗೆ ಬಂದಿತು.

ಆ ಮೇಲಿನ ಐದು ವರ್ಷಗಳು ಸಾವಿನ ಮೆರವಣಿಗೆಯಂತೆ ಬಂದವು. ಮಡದಿಯ ನೆನಪಿನಲ್ಲಿ 'ಸ್ಮರಣ' ಎಂಬ ಕವಿತೆಗಳನ್ನು ಬರೆದರು. ಕ್ಷಯ ತಗುಲಿದ ಮಗಳು ರೇಣುಕೆಯನ್ನು ಗಾಳಿ ಬದಲಾವಣೆಗಾಗಿ ಅಲ್ಮೋಡದ ಬೆಟ್ಟಕ್ಕೆ ಕರೆದೊಯ್ದರು. ಅಲ್ಲಿ ಅವಳ ಶುಶ್ರೂಷೆ ಮಾಡುತ್ತಲೇ 'ಶಿಶು' ಸಂಗ್ರಹದ ಮಕ್ಕಳ ಕವಿತೆಗಳನ್ನು ರಚಿಸಿದರು. 1903ರ ಸೆಪ್ಟೆಂಬರಿನಲ್ಲಿ 12 ವರ್ಷದ ಆ ಮಗು ಹೋಯಿತು. 1905ರ ಜನವರಿಯಲ್ಲಿ ತಂದೆ ಹೋದರು. 1907ರಲ್ಲಿ, ರಜೆಗೆಂದು ಮುಂಗೇರಕ್ಕೆ ಹೋಗಿದ್ದ ಕಿರಿಯ ಮಗ ಶಮೀಂದ್ರನಿಗೆ ಕಾಲರಾ ತಗುಲಿತು. ತಂದೆ ಓಡಿಹೋದರೂ ಉಳಿಸಿಕೊಳ್ಳಲಾಗಲಿಲ್ಲ. ಬಂಗಾಳಿ ಪಂಚಾಂಗದಂತೆ ಅದು ಐದು ವರ್ಷಗಳ ಹಿಂದೆ ಅವನ ತಾಯಿ ತೀರಿಕೊಂಡ ದಿನವೇ. ಶಮಿಗೆ ನನ್ನ ತಮ್ಮನಷ್ಟೇ ವಯಸ್ಸು.

ರವೀಂದ್ರರು ಶಾಂತಿನಿಕೇತನಕ್ಕೆ ಮರಳಿ ಬಂದು ಶಾಲೆಯ ಕೆಲಸವನ್ನು ಮುಂದುವರಿಸಿದರು. ತಮ್ಮ ಮಗನಿಲ್ಲದ ಆಶ್ರಮದಲ್ಲಿ ಬೇರೆಯವರ ಮಕ್ಕಳಿಗೆ ಪಾಠ ಹೇಳಿದರು, ಹಾಡು ಕಲಿಸಿದರು. ಬಂಗಾಳಿ 'ಗೀತಾಂಜಲಿ' ಹೊರಬಂದುದು 1910ರಲ್ಲಿ. ಅದರ ಮರುವರ್ಷ 'ಡಾಕಘರ' ನಾಟಕವನ್ನು ಬರೆದರು. ಕಾಯಿಲೆಯಿಂದ ಕೋಣೆಯೊಳಗೆ ಸೆರೆಯಾದ ಅಮಲ ಎಂಬ ಬಾಲಕ ಕಿಟಕಿಯಲ್ಲಿ ಕುಳಿತು, ರಾಜನ ಕಾಗದಕ್ಕಾಗಿ ಕಾಯುತ್ತ ಶಾಂತವಾಗಿ ಕಣ್ಣು ಮುಚ್ಚುವ ಕಥೆ ಅದು. 1942ರ ಜುಲೈನಲ್ಲಿ, ವಾರ್ಸಾ ನಗರದಲ್ಲಿ ನಾಜಿಗಳು ಯೆಹೂದ್ಯರನ್ನು ಕೂಡಿಹಾಕಿದ್ದ ಕೇರಿಯಲ್ಲಿ ಅನಾಥಾಲಯವನ್ನು ನಡೆಸುತ್ತಿದ್ದ ವೈದ್ಯ ಯಾನುಷ್ ಕೊರ್ಚಾಕರು ತಮ್ಮ ಮಕ್ಕಳಿಂದ ಈ ನಾಟಕವನ್ನೇ ಆಡಿಸಿದರು. ಕೆಲವೇ ವಾರಗಳಲ್ಲಿ ಆ ಮಕ್ಕಳನ್ನೂ ಕೊರ್ಚಾಕರನ್ನೂ ಟ್ರೆಬ್ಲಿಂಕಾದ ವಧಾಶಿಬಿರಕ್ಕೆ ಸಾಗಿಸಲಾಯಿತು. ಒಬ್ಬ ತಂದೆಯ ನೋವಿನಿಂದ ಬೆಳೆದ ಬರವಣಿಗೆ ಎಷ್ಟು ದೂರದ ಮಕ್ಕಳ ಕೈ ಹಿಡಿಯಿತು!

ಇಷ್ಟರಿಂದ ರವೀಂದ್ರರು ದುಃಖವನ್ನು ಗೆದ್ದುಬಿಟ್ಟರೆಂದು ಹೇಳಲು ನಾನು ಸಿದ್ಧನಿಲ್ಲ. 1918ರಲ್ಲಿ ಹಿರಿಯ ಮಗಳು ಮಾಧುರೀಲತೆಯೂ ಕ್ಷಯದಿಂದಲೇ ತೀರಿಕೊಂಡಳು. ದಿನವೂ ಅವಳನ್ನು ನೋಡಲು ಹೋಗುತ್ತಿದ್ದ ತಂದೆ, ಆ ದಿನ ಸುದ್ದಿ ತಿಳಿದು ಮಹಡಿ ಹತ್ತದೆ ಹಾಗೆಯೇ ಹಿಂತಿರುಗಿದರು. 1929ರಲ್ಲಿ, 68ರ ವಯಸ್ಸಿನಲ್ಲಿ, ಮಾಧ್ಯಮದ ಮೂಲಕ ಅಗಲಿದವರೊಡನೆ ಮಾತನಾಡುವ ಪ್ರಯೋಗಕ್ಕೂ ಕುಳಿತರು. ಅದರ ಸತ್ಯಾಸತ್ಯ ಹೇಗೇ ಇರಲಿ, ಮುದುಕನ ಎದೆಯಲ್ಲಿ ಆ ಹಂಬಲ ಇನ್ನೂ ಬದುಕಿತ್ತೆಂಬುದು ನಿಜ. ಮಹಾಪುರುಷರಿಗೂ ಗಾಯ ಮಾಯುವುದೆಂದರೆ ನೆನಪು ಅಳಿಯುವುದಲ್ಲ.

ಅವರ ಬಾಳಿನಲ್ಲಿ ನನಗೆ ಅತ್ಯಂತ ಬೆಳಕು ಕೊಟ್ಟುದು 1932ರ ಸಂಗತಿ. ಆ ಆಗಸ್ಟ್‌ನಲ್ಲಿ ಮಗಳು ಮೀರಾದೇವಿಯ ಒಬ್ಬನೇ ಮಗ ನೀತೀಂದ್ರ ಜರ್ಮನಿಯಲ್ಲಿ ಕ್ಷಯದಿಂದ ತೀರಿಕೊಂಡ. ತಂದೆ ಮಗಳಿಗೆ ಪತ್ರ ಬರೆದರು. ಅದರಲ್ಲಿ ವೇದಾಂತವನ್ನು ಬೋಧಿಸಲಿಲ್ಲ, ಮರೆಯಲು ಹೇಳಲಿಲ್ಲ. ಶಮಿ ಹೋದ ಮರುರಾತ್ರಿ ರೈಲಿನಲ್ಲಿ ತಾವು ಬರುತ್ತಿದ್ದಾಗ ಆಕಾಶವೆಲ್ಲ ಬೆಳದಿಂಗಳಿನಿಂದ ತುಂಬಿತ್ತೆಂದೂ, ಎಲ್ಲಿಯೂ ಏನೂ ಕೊರತೆಯಾದಂತೆ ಕಾಣಲಿಲ್ಲವೆಂದೂ, ಎಲ್ಲವೂ ಸಮಸ್ತದೊಳಗೆ ಉಳಿದಿದೆ, ತಾವೂ ಅದರಲ್ಲಿದ್ದೇವೆ, ತಮ್ಮ ಕೆಲಸವೂ ಉಳಿದಿದೆಯೆಂದು ಆಗ ಮನಸ್ಸು ಹೇಳಿತೆಂದೂ ತಿಳಿಸಿದರು. ಇಪ್ಪತ್ತೈದು ವರ್ಷ ಎದೆಯಲ್ಲಿಟ್ಟುಕೊಂಡ ತನ್ನ ದುಃಖವನ್ನು ಮಗಳ ದುಃಖದ ಪಕ್ಕದಲ್ಲಿ ತಂದು ಕೂಡಿಸಿದ ಸಾಂತ್ವನವದು. 1941ರ ಆಗಸ್ಟ್ 7ರಂದು ರವೀಂದ್ರರೂ ಕಣ್ಣು ಮುಚ್ಚಿದರು.

ನಮ್ಮ ಕಾಲದಲ್ಲಿ ಶೋಕಪೀಡಿತರಿಗೆ ನೆರವಾಗುವುದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಅದನ್ನು ಆಪ್ತಸಮಾಲೋಚನೆ ಎನ್ನುತ್ತಾರೆ. 1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ನೃತ್ಯಶಾಲೆಯೊಂದರಲ್ಲಿ ಬೆಂಕಿ ಬಿದ್ದು 492 ಜನ ಸತ್ತರು. ಉಳಿದ ಬಂಧುಗಳನ್ನು ನೋಡಿಕೊಂಡ ವೈದ್ಯ ಎರಿಕ್ ಲಿಂಡೆಮನ್ನರು ತಮ್ಮ ಅನುಭವವನ್ನು 1944ರಲ್ಲಿ ಪ್ರಕಟಿಸಿದರು. ಈ ಶಾಸ್ತ್ರಕ್ಕೆ ಅದು ಒಂದು ಬುನಾದಿ. ಮನಶ್ಶಾಸ್ತ್ರಜ್ಞ ವಿಲಿಯಂ ವರ್ಡನ್ನರು ಶೋಕಿಸುವವನ ಮುಂದೆ ನಾಲ್ಕು ಕೆಲಸಗಳಿವೆಯೆನ್ನುತ್ತಾರೆ: ಸಾವನ್ನು ನಿಜವೆಂದು ಒಪ್ಪುವುದು, ನೋವನ್ನು ಅನುಭವಿಸಿಯೇ ದಾಟುವುದು, ಅವರಿಲ್ಲದ ಲೋಕಕ್ಕೆ ಹೊಂದಿಕೊಳ್ಳುವುದು, ಅವರೊಡನೆ ಒಂದು ಬಾಂಧವ್ಯವನ್ನು ಉಳಿಸಿಕೊಂಡೇ ಬಾಳಿನಲ್ಲಿ ಮುಂದೆ ನಡೆಯುವುದು. ಬಿಸಿಲುಮಚ್ಚಿನ ಇರುಳುಗಳು, ಶಾಲೆಯ ಕೆಲಸ, ಕೈಗಿತ್ತ ಚಪ್ಪಲಿ, ಮಗಳಿಗೆ ಬರೆದ ಕಾಗದ - ಇವುಗಳಲ್ಲಿ ಆ ನಾಲ್ಕೂ ನನಗೆ ಕಂಡವು. ಆದರೆ ಎಲ್ಲರೂ ರವೀಂದ್ರರಲ್ಲ. ಒಂಟಿಯಾಗಿ ದಾಟಲಾಗದವರು ಬಲ್ಲವರ ನೆರವನ್ನು ಕೇಳುವುದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ.

ದೀಪಾವಳಿಯ ರಜೆಯಲ್ಲಿ ನಾನು ಆಯಿಯ ಬಳಿ ಕುಳಿತು ಶಮಿಯ ಕಥೆಯನ್ನು ಹೇಳಿದೆ. ಅವಳು ಬಹಳ ಹೊತ್ತು ಅತ್ತಳು. ಆ ಮೇಲೆ ತಾನಾಗಿಯೇ ತಮ್ಮನ ಹೆಸರನ್ನು ಹಿಡಿದು, ಅವನು ಕಡಲ ತೀರದಿಂದ ಕಪ್ಪೆಚಿಪ್ಪುಗಳನ್ನು ಅಂಗಿಯ ತುಂಬ ತಂದು ಬೈಸಿಕೊಂಡುದನ್ನು ಹೇಳಿದಳು. ನಾವಿಬ್ಬರೂ ನಕ್ಕೆವು. ಮರುದಿನ ಚಪ್ಪಲಿಗಳನ್ನು ಒರೆಸಿ ಅವಳೇ ಪೆಟ್ಟಿಗೆಯಲ್ಲಿಟ್ಟಳು. ನಮ್ಮ ತರಗತಿಗಳಲ್ಲಿಯೂ ಇಂತಹ ಮನೆಗಳಿಂದ ಬಂದವರು ಇರಬಹುದು. ಅವರಿಗೆ ಮರೆಯಲು ಹೇಳುವ ಬದಲು, ಹೋದವರ ವಿಷಯವನ್ನು ಕೇಳಿ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತರೆ ಸಾಕೆಂದು ನನ್ನ ವಿನಂತಿ.